ಕೈ ದೂಡದ ಹೊತ್ತು

ಮಾಂತೂಗ ಮುಟ್ಟಿದರ ಆಗಂಗಿಲ್ಲ.
ಗಲ್ಲ ಸವರಿದರ ಕೈ ಕಿತ್ತಿ ಒಗೀತಾನ,
ಬಾಲ ತುಳಿಸಿಕೊಂಡ ಬೆಕ್ಕಿನಂಥಾ ಒಂದು ಧ್ವನಿ,
ಆಮ್ಯಾಲೆ ಮೂಲ್ಯಾಗ ಕುಂತು
ಖಾಲಿ ಕಂಡಿಕಿ ತಿರುವತಾನ.
ಏಳು ವರ್ಷ. ಮಾತು ಬಂದಿಲ್ಲ.
ಬೆಟಗೇರಿ ಓಣ್ಯಾಗ ಎಲ್ಲಾರಿಗೂ ಗೊತ್ತು,
ಅನಸಕ್ಕನ ಮಗ ಮಾರಿ ನೋಡಂಗಿಲ್ಲ, ಮಗ್ಗ ನೋಡತಾನ.

ಅಂಥಾಂವ ಹೋದ ಶ್ರಾವಣದಾಗ ಒಂದಿನ
ಗಲ್ಲದ ಮ್ಯಾಲೆ ಇಟ್ಟ ಕೈ ದೂಡಲಿಲ್ಲ ಅಂದ್ರ
ನನಗ ಹೆಂಗಾಗಿರಬೇಕು, ಹೇಳ್ರಿ.
ಲಾಳಿ ಕೈಯಾಗ ಹಂಗ ಉಳೀತು.
ಕಣ್ಣು ಎಲ್ಲೋ ಇದ್ದುವು. ಯಾವಾಗರೆ ಇಲ್ಲಿ ಇರತಾವೇನು?
ರೆಪ್ಪಿ ಸಣ್ಣಗ ಪಟಪಟ,
ತುಟಿ ಏನೋ ಸವಿಯೂ ಹಂಗ.
ಕೊಟ್ಟನಲ್ಲಾ, ಅಂದೆ, ಕಡೀಕೂ ಕೊಟ್ಟನಲ್ಲಾ ಗಲ್ಲ.
ಮುದ್ದು ಕೊಟ್ಟೆ. ಒಂದಲ್ಲ, ಮೂರು.
ನಾಕನೇದಕ್ಕ ಕಿತ್ತಿ ಒಗದು ಕಂಡಿಕಿ ಹುಡುಕಿದ,
ಕರೆಂಟ್ ಹೋಗಿ ಬಂದಾಗ
ಬಾಜೂಮನಿ ಪವರ್‌ಲೂಮ್
ಅದ ಎಳಿಯಿಂದ ಮತ್ತ ಸುರು ಆದಂಗ.

ಎರಡು ತಿಂಗಳು ನಾ ಆ ಹೊತ್ತಿಗೆ ಕಾದೆ.
ಸುಳ್ಳ್ಯಾಕ ಹೇಳಲಿ.
ದಿನಕ್ಕೊಂದು ಸಲ, ಒಮ್ಮೊಮ್ಮೆ ಐದು.
ಅತ್ತಿ ಅಂದರು, ಅದು ಅವನ ಸ್ವಭಾವ.
ಸಾಲಿ ಟೀಚರೂ ಅದನ್ನ ಅಂದರು.
ಆಟಿಸಂ ಅಂತ ಒಂದು ಚೀಟಿ ಹಚ್ಚಿದ ಮ್ಯಾಲೆ
ಒಂದ ಚೀಲಕ್ಕ ಎಲ್ಲಾ ಕಾಳು.

ಆಮ್ಯಾಲೆ ಮಾದ್ಲಿ ಚೆಲ್ಲಿತು.
ಮಾದ್ಲಿಗೆ ಜೀವಾ ಬಿಡೂ ಹುಡುಗ,
ಒಂದು ಅಗಳು ನೆಲಕ್ಕ ಬಿಡೂದಿಲ್ಲ.
ಬಾಯಿಮಟ ಬಂದ ಚಮಚ ನಿಂತು, ವಾಲಿ, ಎದಿ ತುಂಬ.
ಕರದೆ. ಅದರಾಗೇನೂ ತಿಳಿಯಂಗಿಲ್ಲ, ಎಂದೂ ಓ ಅಂದಿಲ್ಲ.
ಕಂಡಿಕಿ ಕಣ್ಣಮುಂದ ತಿರುವಿದೆ. ನೋಡಲಿಲ್ಲ.
ಗಲ್ಲ ಮುಟ್ಟಿದೆ.
ದೂಡಲಿಲ್ಲ.

ಆವಾಗ ಹೆದರಿದೆ.
ಎಳಿ ಎಣಸೂ ಮಂದಿ ನಾವು.
ನೂಲಿನ ಲೆಕ್ಕದ ವಹ್ಯಾಗ ಸೆಕೆಂಡು ಬರದೆ:
ಹದಿನೆಂಟು. ಹನ್ನೊಂದು. ಇಪ್ಪತ್ತೆರಡು.
ಮೊಬೈಲಿನ್ಯಾಗ ವಿಡಿಯೋ ಹಿಡದೆ, ಕೈ ನಡುಗಿ ಅರ್ಧಾ ಗ್ವಾಡಿನ ಬಂದಿತ್ತು.

ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟರ್‌ಬಾಯಿ
ಅದನ್ನ ಮೂರು ಸಲ ನೋಡಿದರು.
ಬೀಳಬೇಕಂತಿಲ್ಲವ್ವ, ನೊರಿ ಬರಬೇಕಂತಿಲ್ಲ,
ಇದೂ ಮೂರ್ಛಿ ಇರಬಹುದು. ತಲಿಗೆ ವಾಯರ್ ಹಚ್ಚಿ ನೋಡೂಣು.
ತಲಿಗೆ! ಕಟಿಂಗ್ ಅಂದ್ರ ಯುದ್ಧ ಮಾಡೂ ಹುಡುಗಗ!
ಮೊದಲನೇ ಸಲ ಎಲ್ಲಾ ಕಿತ್ತಿ, ನರ್ಸಿನ ಕೈ ಕಡದು, ವಾಪಸ್ ಬಂದಿವಿ.

ಮನ್ಯಾಗ ಗಂಜಿ ಇತ್ತು, ನೂಲಿಗೆ ಹಚ್ಚೂ ಗಂಜಿ.
ತಣ್ಣನ್ನ ಒಂದು ಚುಕ್ಕಿ, ಅದರ ಮ್ಯಾಲೆ ಒಂದು ಎಳಿ.
ಮರುದಿನ ಎರಡು.
ಕಂಡಿಕಿ ತಿರುವಗೋತ ಕುಂತ, ಕಣ್ಣೀರು ಬರತಿತ್ತು, ಕುಂತ.
ಇಪ್ಪತ್ತನೇ ಎಳಿ ನಿಂತ ದಿನ
ಅತ್ತಿ ದೃಷ್ಟಿ ತಗದರು.

ನಿದ್ದಿಗೆಡಿಸಿ ಕರಕೊಂಡು ಬರ್ರಿ ಅಂದಿದ್ದರು.
ರಾತ್ರಿ ಎಲ್ಲಾ ನಾವಿಬ್ಬರ ಓಣಿ ತಿರುಗಿದಿವಿ,
ಮಗ್ಗ ಮಲಗಿದ್ದುವು, ನಾಯಿ ಮಲಗಿದ್ದುವು.
ಮುಂಜಾನೆ ರೈಲಿನ್ಯಾಗ ಅಣ್ಣಿಗೇರಿ ದಾಟೂದ್ರಾಗ
ನಾನ ತೂಕಡಿಸಿದೆ, ಅಂವ ಅಲ್ಲ.

ಹಾಳ್ಯಾಗ ಗೆರಿ ಒಮ್ಮಿಗೆಲೆ ಎದ್ದು ಹರದಿದ್ದುವು,
ಎಳಿ ಜಗ್ಗಿದ ಅಂಚಿನಂಗ.
ಔಷಧ ಬರದರು, ಎರಡು ಹೊತ್ತು, ನೀವಾಗ ನಿಂದರಸಬ್ಯಾಡ್ರಿ.
ದೊಡ್ಡದು ಬಂದರ ಬಗಲಿಗೆ ಹೊರಳಸ್ರಿ,
ಬಾಯಾಗ ಏನೂ ತುರಕಬ್ಯಾಡ್ರಿ, ಗಡಿಯಾರ ನೋಡ್ರಿ,
ಐದು ನಿಮಿಷ ದಾಟಿದರ ದವಾಖಾನಿಗೆ ಓಡ್ರಿ.
ಅತ್ತಿ ಸೊಂಟದಾಗಿನ ಚಾವಿ ಗೊಂಚಲ ಹಿಡಕೊಂಡು ಕೇಳಿದರು,
ಕಬ್ಬಿಣಾ ಬ್ಯಾಡೇನು?
ಬ್ಯಾಡ ಯವ್ವಾ.

ಈಗ ಎಂಟಾತಂದ್ರ ಅಂವನ ಸ್ಟೀಲ್ ಬಟ್ಟಲ ತರತಾನ.
ಒಂದು ನಿಮಿಷ ತಡಾ ಆದರ ಬಾಗಲಾ ಬಡೀತಾನ.

ದಿನಕ್ಕೊಮ್ಮೆ ಗಲ್ಲ ಮುಟ್ಟಿ ನೋಡತೀನಿ.
ಆ ಮೂರು ಮುದ್ದು ಮಾತ್ರ ನೆನಪಾಗತಾವ.
ಯಾರಿಗೆ ಕೊಟ್ಟೆ ಅವನ್ನ, ಅಂವ ಇರದ ಮನಿ ಬಾಗಲಕ್ಕ?

ಇವತ್ತೂ ಮುಟ್ಟಿದೆ.
ಕಿತ್ತಿ ಒಗದ, ಉಗುರು ತಾಗಿತು.
ವಹ್ಯಾಗ ಸೊನ್ನಿ ಬರದು
ಲಾಳಿ ಹಿಡದೆ.